ಎಲ್ಲಿ ಎಷ್ಟು ಮಂದಿ, ಯಾಕೆ ಅಲ್ಲೇ?

(ವಿಜಯಪುರದಲ್ಲಿ ಪದವಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಗ್ರಾಮ ಪಂಚಾಯಿತಿ ಸಿಬ್ಬಂದಿಯ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಹಲಗೆಯ ಮೇಲೆ ಮಾಡಿ ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನೊಳಗೇ ಸೇರಿಸಲಾಗಿದೆ.)

ಮೊದಲು ಎಲ್ಲರೂ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯಿರಿ. 2011ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆ 1,21,08,54,977. ದೇಶದ ವಿಸ್ತೀರ್ಣ 32,87,263 ಚದರ ಕಿ.ಮೀ. ಭಾಗಿಸಿ ನೋಡಿ. 368 ಬಂತಲ್ಲ? ಆದರೆ ಯಾವ ಪಠ್ಯಪುಸ್ತಕ ತೆರೆದರೂ ಭಾರತದ ಜನಸಾಂದ್ರತೆ 382 ಎಂದೇ ಇದೆ. ನಿಮ್ಮ ಭಾಗಾಕಾರವೂ ಸರಿ, ಪುಸ್ತಕವೂ ಸರಿ. ಜಮ್ಮು ಮತ್ತು ಕಾಶ್ಮೀರದಲ್ಲಿ ಪಾಕಿಸ್ತಾನ ಹಾಗೂ ಚೀನಾದ ಹಿಡಿತದಲ್ಲಿರುವ 1,20,849 ಚದರ ಕಿ.ಮೀ. ನೆಲ ನಮ್ಮ ವಿಸ್ತೀರ್ಣದಲ್ಲಿ ಸೇರಿದೆ. ಅಲ್ಲಿ ನಮ್ಮ ಗಣತಿದಾರರು ಹೋಗಿ ತಲೆ ಎಣಿಸಲು ಆಗುವುದಿಲ್ಲ. ಎಣಿಸದ ಜನರ ನೆಲವನ್ನು ಛೇದದಲ್ಲಿ ಇಟ್ಟುಕೊಳ್ಳುವುದು ನ್ಯಾಯವಲ್ಲ ಎಂದು ಗಣತಿ ಇಲಾಖೆ ಅದನ್ನು ಕಳೆದು ಭಾಗಿಸುತ್ತದೆ. ಕಳೆದರೆ ಉಳಿಯುವುದು 31,66,414. ಈಗ ಭಾಗಿಸಿದರೆ 382.

ಇಡೀ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಈ ಲೆಕ್ಕದಲ್ಲೇ ಇದೆ. ಸಾಂದ್ರತೆಯ ಅಂಕಿ ಕಂಡಾಗ ಎರಡು ಪ್ರಶ್ನೆ ಕೇಳಬೇಕು: ಕೆಳಗೆ ಇಟ್ಟಿರುವ ನೆಲ ಯಾವುದು, ಮೇಲೆ ಇಟ್ಟಿರುವ ಮಂದಿಯನ್ನು ಯಾವಾಗ, ಎಲ್ಲಿ ಎಣಿಸಿದರು? ಇವೆರಡನ್ನು ಕೇಳದೆ ಓದಿದ ಅಂಕಿ ದಾರಿ ತಪ್ಪಿಸುತ್ತದೆ, ಅದರಲ್ಲೂ ನಮ್ಮಂಥ ಗುಳೆ ಹೋಗುವ ಸೀಮೆಯಲ್ಲಿ. ಇನ್ನೊಂದು ಮಾತು: ನಾನು ಬಳಸುವ ಅಂಕಿಗಳೆಲ್ಲ 2011ರವು. 2021ರ ಗಣತಿ ನಡೆಯಲಿಲ್ಲ, ಹಾಗಾಗಿ ಊರು ಊರಿನ ಮಟ್ಟದಲ್ಲಿ ಎಣಿಸಿದ ಲೆಕ್ಕ ಅಂತ ಇರುವುದು ಅದೊಂದೇ. ಆಮೇಲೆ ಬಂದವೆಲ್ಲ ಅಂದಾಜು.

ಈಗ ದೇಶದ ನಕ್ಷೆ ನೋಡೋಣ. ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ ಈ ಮೂರನ್ನು ಕೂಡಿಸಿದರೆ ನೆಲ ದೇಶದ ನೂರಕ್ಕೆ 13 ಪಾಲು, ಮಂದಿ ಮಾತ್ರ ನೂರಕ್ಕೆ 33ರ ಹತ್ತಿರ, 39.5 ಕೋಟಿ. ಬಿಹಾರದಲ್ಲಿ ಚದರ ಕಿಲೋಮೀಟರಿಗೆ 1,106, ಬಂಗಾಳದಲ್ಲಿ 1,028, ಉತ್ತರ ಪ್ರದೇಶದಲ್ಲಿ 829. ಗಂಗೆ ಮತ್ತು ಅದರ ಉಪನದಿಗಳು ತಂದು ಹಾಸಿದ ಮೆಕ್ಕಲು ಮಣ್ಣು, ಕೈಗೆಟಕುವ ಆಳದಲ್ಲಿ ಅಂತರ್ಜಲ, ಎತ್ತು ಹೂಡಲು, ಕಾಲುವೆ ತೋಡಲು ಅಡ್ಡಿಯಿಲ್ಲದ ಸಪಾಟು ನೆಲ, ವರ್ಷಕ್ಕೆ ಎರಡು ಮೂರು ಬೆಳೆ. ಕೃಷಿಯೇ ಬದುಕಾಗಿದ್ದ ಸಾವಿರಾರು ವರ್ಷ ಇಂಥ ನೆಲದಲ್ಲಿ ಒಂದು ಎಕರೆ ಎಷ್ಟು ಬಾಯಿಗೆ ಅನ್ನ ಹಾಕಬಲ್ಲದೋ ಅಷ್ಟು ಬಾಯಿಗಳು ಅಲ್ಲಿ ಉಳಿದವು. ಇಂದಿನ ಬಿಹಾರದ ಸಾಂದ್ರತೆಗೆ ಕಾರಣ ಹುಡುಕುತ್ತ ಇಂದಿನ ಬಿಹಾರದ ಉದ್ಯೋಗದ ಕಡೆ ನೋಡಿದರೆ ಏನೂ ಸಿಗುವುದಿಲ್ಲ. ಕಾರಣ ಹಳೆಯದು, ಪರಿಣಾಮ ಮಾತ್ರ ಇಂದಿನದು. ಅದಕ್ಕೇ ಅಲ್ಲಿಂದ ರೈಲು ತುಂಬಿಕೊಂಡು ಜನ ಹೊರಗೆ ಹೋಗುತ್ತಾರೆ.

ಮಳೆ ಹೆಚ್ಚಿದ್ದಲ್ಲಿ ಜನ ಹೆಚ್ಚು ಎಂದು ಪರೀಕ್ಷೆಯಲ್ಲಿ ಬರೆಯುವವರು ಬಹಳ. ಅದು ತಪ್ಪು ಎನ್ನುವುದಕ್ಕೆ ಎರಡು ಜಾಗ ಸಾಕು. ಅರುಣಾಚಲ ಪ್ರದೇಶದ ಸಾಂದ್ರತೆ 17. ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯದೂ 17. ಒಂದು ಕಡೆ ಧಾರಾಕಾರ ಮಳೆ, ಆದರೆ ಸಪಾಟು ನೆಲವೇ ಇಲ್ಲ, ಇಳಿಜಾರಿನಲ್ಲಿ ನೀರೂ ಮಣ್ಣೂ ನಿಲ್ಲುವುದಿಲ್ಲ. ಇನ್ನೊಂದು ಕಡೆ ಎಷ್ಟು ಬೇಕಾದರೂ ಸಪಾಟು ನೆಲ, ನೀರಿಲ್ಲ. ಅದೇ ರಾಜಸ್ಥಾನದ ಉತ್ತರ ತುದಿಯ ಗಂಗಾನಗರ ಜಿಲ್ಲೆಯಲ್ಲೂ ಮಳೆ ಅಷ್ಟಕ್ಕಷ್ಟೇ. ಆದರೆ 1927ರಲ್ಲಿ ಗಂಗ ಕಾಲುವೆ ಬಂತು, ಆಮೇಲೆ ಇಂದಿರಾ ಗಾಂಧಿ ಕಾಲುವೆ ಬಂತು. ಅಲ್ಲಿನ ಸಾಂದ್ರತೆ 179, ಜೈಸಲ್ಮೇರಿನ ಹತ್ತು ಪಟ್ಟು. ಆಕಾಶದಿಂದ ಎಷ್ಟು ಬಿತ್ತು ಎನ್ನುವುದಕ್ಕಿಂತ ಹಿಡಿದಿಟ್ಟು ಬೇಕಾದಾಗ ಬಿಡಲು ಎಷ್ಟು ಸಿಕ್ಕಿತು ಎನ್ನುವುದೇ ಲೆಕ್ಕ. ಈ ಮಾತನ್ನು ಹಿಡಿದುಕೊಳ್ಳಿ, ನಮ್ಮ ಜಿಲ್ಲೆಗಳಿಗೂ ಇದೇ ಕೀಲಿ.

ಚೀನಾದ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಅಲ್ಲಿ 1935ರಲ್ಲಿ ಹು ಹ್ವಾನ್‌ಯೊಂಗ್ ಎಂಬ ಭೂಗೋಳ ಶಾಸ್ತ್ರಜ್ಞ ಈಶಾನ್ಯದಿಂದ ನೈರುತ್ಯಕ್ಕೆ ಒಂದು ಗೆರೆ ಎಳೆದ. ಇವತ್ತಿಗೂ ಆ ಗೆರೆಯ ಪೂರ್ವಕ್ಕೆ ಚೀನಾದ ನೂರಕ್ಕೆ 90ಕ್ಕಿಂತ ಹೆಚ್ಚು ಜನ ಇದ್ದಾರೆ, ಅದು ದೇಶದ ಅರ್ಧಕ್ಕಿಂತ ಕಡಿಮೆ ನೆಲ. ಭಾರತದಲ್ಲಿ ಹಾಗೆ ಒಂದೇ ಗೆರೆ ಎಳೆಯಲು ಬರುವುದಿಲ್ಲ, ಯಾಕೆಂದರೆ ನಮ್ಮಲ್ಲಿ ಉಳುಮೆಯ ನೆಲ ದೇಶದ ತುಂಬ ಹರಡಿದೆ. ಪೂರ್ತಿ ಖಾಲಿ ಎನ್ನುವ ಜಾಗ ಹಿಮಾಲಯದ ಎತ್ತರ, ಥಾರ್ ಮತ್ತು ಕಚ್ಛಿನ ರಣದ ಆಚೆ ಹೆಚ್ಚಿಲ್ಲ.

ಕರ್ನಾಟಕಕ್ಕೆ ಬರೋಣ. 6,10,95,297 ಮಂದಿ, 1,91,791 ಚದರ ಕಿ.ಮೀ., ಸಾಂದ್ರತೆ 319. ಈಗ ಬೆಂಗಳೂರು ನಗರ ಜಿಲ್ಲೆಯನ್ನು ಎತ್ತಿಟ್ಟು ನೋಡಿ. ಅಲ್ಲಿ 2,196 ಚದರ ಕಿ.ಮೀ.ನಲ್ಲಿ 96,21,551 ಮಂದಿ, ಸಾಂದ್ರತೆ 4,381. ನೆಲದಲ್ಲಿ ರಾಜ್ಯದ ನೂರಕ್ಕೆ ಒಂದು ಪಾಲು ಚಿಲ್ಲರೆ, ಜನರಲ್ಲಿ ನೂರಕ್ಕೆ ಸುಮಾರು 16. ಅದನ್ನು ಕಳೆದರೆ ಉಳಿದ ಕರ್ನಾಟಕದ ಸಾಂದ್ರತೆ 271ಕ್ಕೆ ಇಳಿಯುತ್ತದೆ. ಒಂದೇ ಜಿಲ್ಲೆ ಇಡೀ ರಾಜ್ಯದ ಸರಾಸರಿಯನ್ನು 48 ಮೇಲೆತ್ತಿದೆ. ವಿಜಯಪುರದ ಸಾಂದ್ರತೆ ರಾಜ್ಯದ ಸರಾಸರಿಗಿಂತ ಬಹಳ ಕಡಿಮೆ ಎಂದು ಬರೆಯುವವರು ಈ 271ರ ಜೊತೆಗೂ ಹೋಲಿಸಿ ನೋಡಲಿ. ಆಗಲೂ ಕಡಿಮೆಯೇ, ಆದರೆ ಅಂತರದಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಪಾಲು ಕರಗುತ್ತದೆ.

ಮೂರು ಜಿಲ್ಲೆಗಳ ಅಂಕಿ ಹೀಗಿದೆ. ಬೆಳಗಾವಿ 47,79,661 ಮಂದಿ, 13,415 ಚದರ ಕಿ.ಮೀ., ಸಾಂದ್ರತೆ 356. ಬೆಂಗಳೂರು ನಗರ ಬಿಟ್ಟರೆ ರಾಜ್ಯದಲ್ಲೇ ಹೆಚ್ಚು ಜನರಿರುವ ಜಿಲ್ಲೆ ಇದು. ಬಾಗಲಕೋಟೆ 18,89,752 ಮಂದಿ, 6,575 ಚದರ ಕಿ.ಮೀ., ಸಾಂದ್ರತೆ 287. ವಿಜಯಪುರ 21,77,331 ಮಂದಿ, 10,494 ಚದರ ಕಿ.ಮೀ., ಸಾಂದ್ರತೆ 207. ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ಜನ ತೆಳುವಾಗುತ್ತಾರೆ, ಮಳೆಯೂ ತೆಳುವಾಗುತ್ತದೆ, ಹಾಗಾಗಿ ಮಳೆಯೇ ಕಾರಣ ಎಂದು ಮತ್ತೆ ಅನ್ನಿಸುತ್ತದೆ. ಬೆಳಗಾವಿಯ ಒಳಗೆ ಹೊಕ್ಕು ನೋಡಿದರೆ ಈ ಊಹೆ ನಿಲ್ಲುವುದಿಲ್ಲ. ಜಿಲ್ಲೆಯಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಖಾನಾಪುರ ತಾಲ್ಲೂಕಿನಲ್ಲಿ, ಅಲ್ಲಿ ಅಡವಿ ದಟ್ಟ, ಊರುಗಳು ಸಣ್ಣವು, ವಿರಳ. ಜನ ಒತ್ತಾಗಿರುವುದು ಮಳೆ ಅದರ ಅರ್ಧವೂ ಇಲ್ಲದ ಚಿಕ್ಕೋಡಿ, ರಾಯಬಾಗ, ಗೋಕಾಕ, ಹುಕ್ಕೇರಿಯ ಕಡೆ. ಅಲ್ಲಿ ಕೃಷ್ಣೆ ಇದೆ, ಘಟಪ್ರಭೆ ಇದೆ, ಹಿಡಕಲ್ ಅಣೆಕಟ್ಟಿನ ಕಾಲುವೆ ಇದೆ, ನದಿಯಿಂದ ಪಂಪಿನಲ್ಲಿ ಎತ್ತಿ ಕಿಲೋಮೀಟರುಗಟ್ಟಲೆ ಪೈಪಿನಲ್ಲಿ ಒಯ್ದ ನೀರಿದೆ. ಗಂಗಾನಗರದ ಪಾಠವೇ ಇಲ್ಲಿಯೂ.

ನೀರು ಬಂದರೆ ಜನರ ಸಂಖ್ಯೆ ಹೆಚ್ಚುವುದಷ್ಟೇ ಅಲ್ಲ, ಅವರು ನೆಲದ ಮೇಲೆ ಕೂತಿರುವ ರೀತಿಯೇ ಬದಲಾಗುತ್ತದೆ. ವಿಜಯಪುರದ ಎರಿ ಸೀಮೆಯಲ್ಲಿ, ಅಂದರೆ ಕಪ್ಪು ಮಣ್ಣಿನ ಬಯಲಿನಲ್ಲಿ, ಡೋಣಿ ನದಿಯ ಆಚೀಚೆ, ಊರುಗಳು ದೊಡ್ಡವು, ಒಂದಕ್ಕೊಂದು ದೂರ, ಮನೆಗಳು ಗೋಡೆಗೆ ಗೋಡೆ ಹಚ್ಚಿಕೊಂಡು ನಿಂತಿವೆ, ಹೊಲಗಳಲ್ಲಿ ಮನೆಯೇ ಇಲ್ಲ. ಕುಡಿಯುವ ಸಿಹಿ ನೀರು ಊರಿಗೆ ಒಂದೋ ಎರಡೋ ಕಡೆ ಮಾತ್ರ, ಡೋಣಿಯ ನೀರೇ ಸವಳು, ಅದರ ದಂಡೆಯ ಎಷ್ಟೋ ಬಾವಿಗಳೂ ಸವಳು. ಎರಿ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಅದರ ಮೇಲೆ ಕಟ್ಟಿದ ಗೋಡೆ ಸೀಳುತ್ತದೆ. ಮೇಲಾಗಿ ಹಿಂಗಾರಿ ಜೋಳಕ್ಕೆ ದಿನಾ ನೀರು ಹಾಯಿಸುವ ಕೆಲಸವಿಲ್ಲ, ಹೊಲದಲ್ಲೇ ವಾಸ ಮಾಡುವ ಅಗತ್ಯ ಬೀಳುವುದಿಲ್ಲ. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎನ್ನುವ ಮಾತಿದೆ. ಓಣಿ ಎಂದಿದೆ, ತೋಟ ಎಂದಿಲ್ಲ, ಗಮನಿಸಿ. ಅದೇ ಅಥಣಿ, ರಾಯಬಾಗ, ಜಮಖಂಡಿ, ಮುಧೋಳದ ನೀರಾವರಿ ಭಾಗಕ್ಕೆ ಹೋದರೆ ಕಬ್ಬಿಗೆ ರಾತ್ರಿ ಕರೆಂಟು ಬಂದಾಗ ನೀರು ಬಿಡಬೇಕು, ಎಮ್ಮೆ ಕಟ್ಟಬೇಕು, ಹಾಗಾಗಿ ಕುಟುಂಬಕ್ಕೆ ಕುಟುಂಬವೇ ತೋಟಕ್ಕೆ ಹೋಗಿ ನೆಲೆಸಿದೆ. ತೋಟದ ವಸ್ತಿಗಳ ಹೆಸರಿನಲ್ಲೇ ಸರ್ಕಾರಿ ಪ್ರಾಥಮಿಕ ಶಾಲೆಗಳಿವೆ. ಊರೊಳಗಿನ ಹಳೆಯ ಮನೆಗೆ ಬೀಗ, ಹೊಲದಲ್ಲಿ ನಾಲ್ಕು ಮನೆ. ಎರಡು ತಾಲ್ಲೂಕಿನ ಸಾಂದ್ರತೆ ಒಂದೇ ಬಂದರೂ ಅಂಗನವಾಡಿ ಎಲ್ಲಿ ಇಡಬೇಕು, ಕುಡಿಯುವ ನೀರಿನ ಪೈಪು ಎಷ್ಟು ಉದ್ದ ಬೇಕು ಎನ್ನುವುದು ಪೂರ್ತಿ ಬೇರೆ. ಈ ವ್ಯತ್ಯಾಸ ಸಾಂದ್ರತೆಯ ಅಂಕಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಇತಿಹಾಸದ ಎರಡು ಪೆಟ್ಟುಗಳನ್ನೂ ಸೇರಿಸಬೇಕು. ಈಗಿನ ವಿಜಯಪುರ, ಬಾಗಲಕೋಟೆ ಎರಡರ ಬಹುಪಾಲು ಸೇರಿ ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿತ್ತು, ಜಿಲ್ಲಾ ಕೇಂದ್ರ ವಿಜಯಪುರಕ್ಕೆ ಬಂದದ್ದು 1880ರ ದಶಕದಲ್ಲಿ. 1872ರ ಎಣಿಕೆಗೂ 1881ರ ಎಣಿಕೆಗೂ ನಡುವೆ 1876–78ರ ಬರ ಬಿತ್ತು. ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಸಿಯಿತು. ಸತ್ತವರು ಎಷ್ಟು, ಊರು ಬಿಟ್ಟವರು ಎಷ್ಟು ಎಂದು ಎರಡು ಗಣತಿಗಳ ವ್ಯವಕಲನ ಹೇಳುವುದಿಲ್ಲ. ಗಣತಿಯ ಸ್ವಭಾವವೇ ಅದು. ಎರಡನೆಯ ಪೆಟ್ಟು 1918ರ ಇನ್‌ಫ್ಲುಯೆಂಜಾ, ಇದು ದೇಶಕ್ಕೆಲ್ಲ. 1911ರಿಂದ 1921ರ ನಡುವೆ ಭಾರತದ ಜನಸಂಖ್ಯೆ ಹೆಚ್ಚುವ ಬದಲು ತುಸು ಇಳಿಯಿತು. ಆಮೇಲೆ ಯಾವ ದಶಕದಲ್ಲೂ ಹಾಗಾಗಿಲ್ಲ, ಅದಕ್ಕೇ 1921ನ್ನು ಮಹಾ ವಿಭಜಕ ವರ್ಷ ಎನ್ನುತ್ತಾರೆ.

ನೀರು ಜನರನ್ನು ಸೆಳೆಯುತ್ತದೆ ಎಂದೆ. ನೀರೇ ಜನರನ್ನು ಎಬ್ಬಿಸಿದ್ದೂ ನಮ್ಮಲ್ಲೇ ಇದೆ. ಆಲಮಟ್ಟಿ ಹಿನ್ನೀರಿನಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳು, ಹಳೆಯ ಬಾಗಲಕೋಟೆ ಪಟ್ಟಣದ ದೊಡ್ಡ ಭಾಗ ಮುಳುಗಡೆಗೆ ಬಂದವು, ನವನಗರ ಎದ್ದಿತು, ಪುನರ್ವಸತಿ ಕೇಂದ್ರಗಳು ಎದ್ದವು. ಜಲಾಶಯದ ಪೂರ್ಣ ಮಟ್ಟ 519.6 ಮೀಟರ್, ಅದನ್ನು 524.256ಕ್ಕೆ ಏರಿಸುವ ಯೋಜನೆ ಕೃಷ್ಣಾ ಮೇಲ್ದಂಡೆಯ ಮೂರನೆಯ ಹಂತದಲ್ಲಿದೆ. ಭೂಗೋಳದ ಲೆಕ್ಕದಲ್ಲಿ ಇದರ ಒಂದು ಪರಿಣಾಮವನ್ನು ಯಾರೂ ಗಮನಿಸುವುದಿಲ್ಲ: ಮುಳುಗಿದ ನೆಲ ಜಿಲ್ಲೆಯ ವಿಸ್ತೀರ್ಣದಲ್ಲಿ ಹಾಗೇ ಉಳಿದಿದೆ. ಜನ ಮೇಲಕ್ಕೆ ಹೋಗಿದ್ದಾರೆ, ಛೇದದಲ್ಲಿ ನೀರು ನಿಂತಿದೆ. ಬೀಳಗಿಯಂಥ ತಾಲ್ಲೂಕಿನಲ್ಲಿ ಮಂದಿ ನಿಜವಾಗಿ ಬದುಕುವ ನೆಲದ ಮೇಲಿನ ಒತ್ತಡ ಪುಸ್ತಕದ ಸಾಂದ್ರತೆಗಿಂತ ಹೆಚ್ಚೇ ಇರುತ್ತದೆ.

ಛೇದ ಬದಲಿಸಿದರೆ ಚಿತ್ರವೇ ತಲೆಕೆಳಗಾಗುವುದಕ್ಕೆ ಉತ್ತರ ಕನ್ನಡ ಒಳ್ಳೆಯ ಉದಾಹರಣೆ. ಅದರ ಸಾಂದ್ರತೆ 140, ವಿಜಯಪುರದ್ದು 207. ಅಂದರೆ ವಿಜಯಪುರವೇ ಹೆಚ್ಚು ಕಿಕ್ಕಿರಿದ ಜಿಲ್ಲೆ? ಉತ್ತರ ಕನ್ನಡದ 10,291 ಚದರ ಕಿ.ಮೀ.ನಲ್ಲಿ ಬಹುಪಾಲು ಅರಣ್ಯ, ಸಾಗುವಳಿಯ ನೆಲ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. 14,37,169 ಮಂದಿಯನ್ನು ಆ ಸಾಗುವಳಿ ನೆಲಕ್ಕೆ ಭಾಗಿಸಿದರೆ ಚದರ ಕಿಲೋಮೀಟರಿಗೆ 1,300 ದಾಟುತ್ತದೆ. ವಿಜಯಪುರದಲ್ಲಿ ಮುಕ್ಕಾಲು ನೆಲ ಸಾಗುವಳಿ ಎಂದು ಹಿಡಿದರೂ 280 ಮೀರುವುದಿಲ್ಲ. ಇದಕ್ಕೆ ಕಾಯಿಕ ಸಾಂದ್ರತೆ ಎನ್ನುತ್ತಾರೆ. ಹೆಸರು ಮರೆತರೂ ಚಿಂತೆಯಿಲ್ಲ, ಲೆಕ್ಕ ಮರೆಯಬೇಡಿ. ಇಡೀ ದೇಶಕ್ಕೆ ಬಿತ್ತನೆಯ ನಿವ್ವಳ ನೆಲ ಸುಮಾರು 14 ಕೋಟಿ ಹೆಕ್ಟೇರ್, ಅಂದರೆ 14 ಲಕ್ಷ ಚದರ ಕಿ.ಮೀ. ಆ ಲೆಕ್ಕದಲ್ಲಿ 382 ಹೋಗಿ 860ರ ಮೇಲೆ ನಿಲ್ಲುತ್ತದೆ.

ಹಾಗೆಂದು ಎಲ್ಲವನ್ನೂ ನೆಲ ನೀರಿನಿಂದಲೇ ಬಿಡಿಸಲು ಹೋಗಬೇಡಿ. ಬೆಂಗಳೂರಿನಲ್ಲಿ ದೊಡ್ಡ ನದಿಯೇ ಇಲ್ಲ. ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ ಮೆಟ್ಟಿಲು ಮೆಟ್ಟಿಲಾಗಿ ಎತ್ತಿ ತರುತ್ತಾರೆ. ಕೆಲಸ ಜನರನ್ನು ತಂದಿತು, ಜನರು ನೀರನ್ನು ತರಿಸಿದರು. ಇದು ಹೊಸ ಕಾಲದ ಚಮತ್ಕಾರ ಎಂದುಕೊಂಡರೆ ನಮ್ಮ ಊರನ್ನೇ ನೋಡಿ. ಆದಿಲ್‌ಶಾಹಿಗಳ ರಾಜಧಾನಿ ಒಣ ಬಯಲಿನಲ್ಲಿ ಬೆಳೆಯಿತು, ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ, ಬೇಗಂ ತಲಾಬಿನಿಂದ ಕೊಳವೆಯಲ್ಲಿ ನೀರು ಬಂತು, ಗಂಜ್ ಎಂಬ ನೀರಿನ ಗೋಪುರಗಳಲ್ಲಿ ಒತ್ತಡ ತಗ್ಗಿಸಿ ಓಣಿ ಓಣಿಗೆ ಹಂಚಿದರು. 1686ರಲ್ಲಿ ಔರಂಗಜೇಬ ಊರು ಹಿಡಿದ ಮೇಲೆ ದರ್ಬಾರು ಹೋಯಿತು, ದರ್ಬಾರಿನ ಹಿಂದೆ ಜನ ಹೋದರು. ನೀರಿನ ಸುರಂಗ ಅಲ್ಲೇ ಇತ್ತು.

ಬಾಗಲಕೋಟೆಯ ಪಟ್ಟಣವಾಸಿಗಳ ಪ್ರಮಾಣವೂ ಇದೇ ಮಾತು ಹೇಳುತ್ತದೆ. ಅಲ್ಲಿ ನೂರಕ್ಕೆ 31.6 ಮಂದಿ ಪಟ್ಟಣದವರು, ಬೆಳಗಾವಿಯಲ್ಲಿ 25.3, ವಿಜಯಪುರದಲ್ಲಿ 23. ದೊಡ್ಡ ನಗರವಿರುವುದು ಬೆಳಗಾವಿಯಲ್ಲಿ, ಆದರೆ ಪ್ರಮಾಣ ಹೆಚ್ಚಿರುವುದು ಬಾಗಲಕೋಟೆಯಲ್ಲಿ. ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿ ಇವೆಲ್ಲ ಮಗ್ಗದ ಪಟ್ಟಣಗಳು. ನೇಕಾರನಿಗೆ ಎಕರೆಗಟ್ಟಲೆ ಹೊಲ ಬೇಡ, ಮಗ್ಗ ಇಡಲು ಮನೆ ಮತ್ತು ನೂಲು ಕೊಡುವ, ಸೀರೆ ಕೊಳ್ಳುವ ಪೇಟೆ ಬೇಕು. ಕಸುಬು ಹೀಗಿದ್ದಾಗ ಜನ ಒತ್ತಾಗಿ ಕೂರುತ್ತಾರೆ.

ಪಟ್ಟಣ ಎಂಬ ಮಾತನ್ನು ಗಣತಿ ಹೇಗೆ ಬಳಸುತ್ತದೆ ಎನ್ನುವುದನ್ನೂ ತಿಳಿದಿರಬೇಕು. ಪುರಸಭೆ, ನಗರಸಭೆ ಇದ್ದರೆ ಅದು ಶಾಸನಬದ್ಧ ಪಟ್ಟಣ. ಇಲ್ಲದಿದ್ದರೂ ಮೂರು ಷರತ್ತು ತುಂಬಿದರೆ ಗಣತಿ ಪಟ್ಟಣ: ಕನಿಷ್ಠ 5,000 ಮಂದಿ, ಚದರ ಕಿಲೋಮೀಟರಿಗೆ ಕನಿಷ್ಠ 400, ಮುಖ್ಯ ದುಡಿಮೆಯ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಬೇಸಾಯದ ಹೊರಗೆ. ಹೆಂಗಸರ ದುಡಿಮೆಯನ್ನು ಈ ಷರತ್ತಿನಲ್ಲಿ ಕೇಳುವುದೇ ಇಲ್ಲ. ನನಗೆ ಇದು ಹಳಸಿದ ನಿಯಮ ಎನಿಸುತ್ತದೆ. 2011ರಲ್ಲಿ ದೇಶದ ಸುಮಾರು 7,900 ಪಟ್ಟಣಗಳಲ್ಲಿ ಅರ್ಧದಷ್ಟು ಇಂಥ ಗಣತಿ ಪಟ್ಟಣಗಳೇ. ಅವುಗಳನ್ನು ಆಳುವುದು ಗ್ರಾಮ ಪಂಚಾಯಿತಿ, ಲೆಕ್ಕದಲ್ಲಿ ಮಾತ್ರ ಪಟ್ಟಣ. ಎದುರು ದಿಕ್ಕಿನಲ್ಲೂ ಮೋಸವಿದೆ: ಹತ್ತು ಹನ್ನೆರಡು ಸಾವಿರ ಜನರ ಎರಿ ಸೀಮೆಯ ಊರು, ಸಂತೆ ಬ್ಯಾಂಕು ಕಾಲೇಜು ಎಲ್ಲ ಇದ್ದೂ, ಗಂಡಸರು ಹೊಲಕ್ಕೆ ಹೋಗುತ್ತಾರೆ ಎಂಬ ಒಂದೇ ಕಾರಣಕ್ಕೆ ಹಳ್ಳಿಯಾಗಿ ಉಳಿಯುತ್ತದೆ.

ಈಗ ಮೇಲಿನ ಸಂಖ್ಯೆಯ ಪ್ರಶ್ನೆ. ಯಾರನ್ನು, ಯಾವಾಗ, ಎಲ್ಲಿ ಎಣಿಸುತ್ತಾರೆ? ಗಣತಿ ಎರಡು ಹಂತದ್ದು. ಮೊದಲು ಮನೆಪಟ್ಟಿ. ಗಣತಿದಾರರು ತಮ್ಮ ಬ್ಲಾಕಿನ ನಜರಿ ನಕ್ಷೆ, ಅಂದರೆ ಅಳತೆಯಿಲ್ಲದ ಕೈಬರಹದ ನಕ್ಷೆ, ಬರೆಯುತ್ತಾರೆ. 2011ರಲ್ಲಿ ಒಂದು ಬ್ಲಾಕೆಂದರೆ ಸುಮಾರು 120ರಿಂದ 150 ಮನೆ, 600ರಿಂದ 800 ಮಂದಿ. ಪಕ್ಕಾ ಕಟ್ಟಡಕ್ಕೆ ಚೌಕ, ಕಚ್ಚಾಕ್ಕೆ ತ್ರಿಕೋನ, ವಾಸಕ್ಕಿಲ್ಲದ್ದಕ್ಕೆ ಒಳಗೆ ಓರೆಗೆರೆ. ಬೇರೆ ಮುಖ್ಯ ಬಾಗಿಲಿದ್ದರೆ ಬೇರೆ ಗಣತಿ ಮನೆ. ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ಅಣ್ಣ ತಮ್ಮ ಒಂದೇ ಬಾಗಿಲಿನೊಳಗಿದ್ದು ಒಲೆ ಬೇರೆಯಾಗಿದ್ದರೆ ಮನೆ ಒಂದು, ಕುಟುಂಬ ಎರಡು. ಇಲ್ಲಿ ಆಗುವ ತಪ್ಪು ಬಹಳ ಸರಳ: ಊರೊಳಗಿನ ಓಣಿಗಳು ಚೆನ್ನಾಗಿ ಬರುತ್ತವೆ, ತೋಟದ ವಸ್ತಿಗಳು ಬಿಟ್ಟುಹೋಗುತ್ತವೆ. ಊರ ಮನೆಗೆ ಬೀಗ ಕಂಡು ಬೀಗ ಎಂದು ಬರೆದಾಯಿತು, ಎರಡು ಕಿಲೋಮೀಟರ್ ಆಚೆ ಕಬ್ಬಿನ ನಡುವೆ ಅದೇ ಕುಟುಂಬ ಇದೆ ಎನ್ನುವುದು ಗೊತ್ತೇ ಆಗಲಿಲ್ಲ.

ಎರಡನೆಯ ಹಂತ ಎಣಿಕೆ. 2011ರಲ್ಲಿ ಅದು ನಡೆದದ್ದು ಫೆಬ್ರವರಿ 9ರಿಂದ 28, ಮನೆಯಿಲ್ಲದವರನ್ನು ಎಣಿಸಿದ್ದು 28ರ ರಾತ್ರಿ, ಉಲ್ಲೇಖದ ಕ್ಷಣ ಮಾರ್ಚ್ 1ರ ಸೊನ್ನೆ ಗಂಟೆ. ನಡುವೆ ಹುಟ್ಟು ಸಾವು ಸರಿಪಡಿಸಲು ಮಾರ್ಚ್ 1ರಿಂದ 5ರವರೆಗೆ ಮರುಭೇಟಿ. ನಿಯಮ ಹೀಗಿದೆ: ವಾಡಿಕೆಯ ವಾಸಸ್ಥಳದಲ್ಲಿ ಆ ಇಪ್ಪತ್ತು ದಿನಗಳಲ್ಲಿ ಒಂದಿಷ್ಟು ದಿನವಾದರೂ ಇದ್ದವರನ್ನು ಅಲ್ಲೇ ಎಣಿಸಬೇಕು. ಪೂರ್ತಿ ಅವಧಿ ಹೊರಗಿದ್ದವರನ್ನು ಮನೆಯಲ್ಲಿ ಎಣಿಸಬಾರದು, ಅವರು ಎಲ್ಲಿ ಸಿಗುತ್ತಾರೋ ಅಲ್ಲಿ ಎಣಿಸಬೇಕು.

ಫೆಬ್ರವರಿ ಎಂದರೆ ನಮ್ಮ ಕಡೆ ಏನು? ಕಬ್ಬಿನ ಹಂಗಾಮಿನ ನಡುಮಧ್ಯ. ಸಕ್ಕರೆ ಕಾರ್ಖಾನೆಗಳು ಅಕ್ಟೋಬರ್ ಕೊನೆ, ನವೆಂಬರಿನಲ್ಲಿ ಗಾಣ ಶುರು ಮಾಡಿ ಮಾರ್ಚಿನವರೆಗೆ ಅರೆಯುತ್ತವೆ. ವಿಜಯಪುರದ ತಾಂಡಾಗಳಿಂದ, ಒಣ ಹಳ್ಳಿಗಳಿಂದ ಗ್ಯಾಂಗ್‌ಗಳು ಕೂಲಿಗಳ ಮುಖಂಡನಾದ ಮುಕಾದಮನ ಮುಂಗಡ ಹಿಡಿದು ದೀಪಾವಳಿಯ ಹೊತ್ತಿಗೆ ಹೊರಟು, ಬೆಳಗಾವಿ, ಬಾಗಲಕೋಟೆ, ಮಹಾರಾಷ್ಟ್ರದ ಕಬ್ಬಿನ ಫಡದಲ್ಲಿ, ಅಂದರೆ ಕಬ್ಬು ಕಡಿಯುವ ಹೊಲದಲ್ಲಿ, ಇರುತ್ತವೆ. ಇನ್ನು ಕೆಲವರು ಗೋವಾದಲ್ಲಿ, ಮಂಗಳೂರಿನಲ್ಲಿ, ಪುಣೆಯಲ್ಲಿ, ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ. ನಿಯಮದಂತೆ ಇವರು ಎಣಿಕೆಯಾಗಬೇಕಾದದ್ದು ಆ ಜಾಗಗಳಲ್ಲಿ. ತಾಂಡಾದಲ್ಲಿ ಸಿಗುವುದು ಮುದುಕರು ಮತ್ತು ಅವರ ಬಳಿ ಬಿಟ್ಟುಹೋದ ಮಕ್ಕಳು. ಹಾಗಾಗಿ ಊರಿನ ಗಣತಿ ಪಟ್ಟಿಯಲ್ಲಿ ದುಡಿಯುವ ವಯಸ್ಸಿನವರು ಕಡಿಮೆ ಕಂಡರೆ ಅದು ಜನನ ದರದ ವಿಷಯವೇ ಆಗಿರಬೇಕಿಲ್ಲ, ಫೆಬ್ರವರಿಯ ವಿಷಯವೂ ಆಗಿರಬಹುದು. ಜೂನಿನಲ್ಲಿ, ಬಿತ್ತನೆಯ ಹೊತ್ತಿಗೆ ಎಣಿಸಿದ್ದರೆ ಅದೇ ಜಿಲ್ಲೆಯ ಅಂಕಿ ಬೇರೆ ಬರುತ್ತಿತ್ತು.

ತಾಂಡಾದಲ್ಲಿ ಇಲ್ಲ ಎಂದು ಬಿಟ್ಟವರು ಫಡದಲ್ಲಿ ಎಣಿಕೆಯಾದರೆ ದೇಶದ ಮೊತ್ತಕ್ಕೆ ನಷ್ಟವಿಲ್ಲ. ತೊಂದರೆ ಆಗುವುದು ಅಲ್ಲಿಯೂ ತಪ್ಪಿದಾಗ. ಮನೆಪಟ್ಟಿ ಮಾಡುವುದು ಏಪ್ರಿಲ್‌ನಿಂದ ಸೆಪ್ಟೆಂಬರಿನ ನಡುವೆ, ಆಗ ಫಡದ ಗುಡಿಸಲು ಇರುವುದೇ ಇಲ್ಲ, ಅಲ್ಲಿ ಕಬ್ಬು ನಿಂತಿರುತ್ತದೆ. ಫೆಬ್ರವರಿಯಲ್ಲಿ ಗಣತಿದಾರ ಹಳೆಯ ಪಟ್ಟಿ ಹಿಡಿದು ಹೋದರೆ ಆ ಗುಡಿಸಲಿಗೆ ಪಟ್ಟಿಯಲ್ಲಿ ಸಂಖ್ಯೆಯೇ ಇಲ್ಲ. ಹೊಸದಾಗಿ ಸೇರಿಸಬೇಕು, ಸೇರಿಸಲು ಹೊಲಕ್ಕೆ ಇಳಿಯಬೇಕು, ಕತ್ತಲಾಗುವವರೆಗೆ ಕಬ್ಬು ಕಡಿಯುವ ಮಂದಿ ಸಿಗುವ ಹೊತ್ತಿಗೆ ಹೋಗಬೇಕು. ಎಣಿಕೆಯ ನಂತರದ ಮಾದರಿ ಸಮೀಕ್ಷೆ 2011ರಲ್ಲಿ ಕಂಡುಕೊಂಡದ್ದು ಸಾವಿರಕ್ಕೆ ನಿವ್ವಳ 23 ಮಂದಿ ಎಣಿಕೆಯಿಂದ ಬಿಟ್ಟುಹೋಗಿದ್ದಾರೆ ಎಂದು. 121 ಕೋಟಿಗೆ ಅದು ಸುಮಾರು 2.8 ಕೋಟಿ, ಅಂದರೆ ಕರ್ನಾಟಕದ ಅರ್ಧಕ್ಕೆ ಹತ್ತಿರ.

ನಕ್ಷೆ ಬರೆಯುವವರಿಗೆ ಒಂದು ಕಿವಿಮಾತು. ಜಿಲ್ಲೆಗೆ ಒಂದು ಬಣ್ಣ ತುಂಬುವ ನಕ್ಷೆಯಲ್ಲಿ ದೊಡ್ಡ ಜಿಲ್ಲೆ ಕಣ್ಣು ತುಂಬುತ್ತದೆ, ಜನ ಇರಲಿ ಬಿಡಲಿ. ಒಟ್ಟು ಜನಸಂಖ್ಯೆಗೆ ಅಂಥ ಬಣ್ಣ ತುಂಬಲೇಬಾರದು, ಸಾಂದ್ರತೆ, ಶೇಕಡಾವಾರು ಇವಕ್ಕೆ ಮಾತ್ರ. ಒಟ್ಟು ಸಂಖ್ಯೆಗೆ ಚುಕ್ಕೆ ನಕ್ಷೆ ಬರೆಯಿರಿ. ವಿಜಯಪುರ ಜಿಲ್ಲೆಗೆ ಒಂದು ಚುಕ್ಕೆಗೆ 5,000 ಮಂದಿ ಎಂದರೆ 435 ಚುಕ್ಕೆ, ಒಂದು ಪುಟದಲ್ಲಿ ಹಿಡಿಯುತ್ತದೆ. ಅದರಲ್ಲಿ ನಗರವೊಂದಕ್ಕೇ ಸುಮಾರು 65 ಹೋಗುತ್ತವೆ, ಅವನ್ನು ಒಂದರ ಮೇಲೊಂದು ಕೂಡಿಸುವ ಬದಲು ನಗರಕ್ಕೆ ಅನುಪಾತದ ವೃತ್ತ, ಅಂದರೆ ಜನಸಂಖ್ಯೆಗೆ ತಕ್ಕ ಗಾತ್ರದ ವೃತ್ತ, ಹಾಕಿ. ಉಳಿದ ಚುಕ್ಕೆಗಳನ್ನು ತಾಲ್ಲೂಕಿನ ತುಂಬ ಸಮನಾಗಿ ಎರಚಬೇಡಿ, ಊರು ಇರುವ ಕಡೆ ಇಡಿ. ಜಲಾಶಯದ ಮೇಲೆ ಚುಕ್ಕೆ ಬಿದ್ದ ನಕ್ಷೆಗಳೂ ಚಲಾವಣೆಯಲ್ಲಿವೆ.

ನಿಮ್ಮದೇ ತಾಲ್ಲೂಕಿನ ಲೆಕ್ಕ ಮಾಡುವ ಮುಂಚೆ ಗಡಿ ನೋಡಿಕೊಳ್ಳಿ. 2011ರಲ್ಲಿ ವಿಜಯಪುರಕ್ಕೆ ಐದೇ ತಾಲ್ಲೂಕು: ವಿಜಯಪುರ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ. ತಿಕೋಟಾ, ಬಬಲೇಶ್ವರ, ಕೊಲ್ಹಾರ, ನಿಡಗುಂದಿ, ತಾಳಿಕೋಟಿ, ಚಡಚಣ, ದೇವರ ಹಿಪ್ಪರಗಿ ಎಲ್ಲ ಆಮೇಲಿನವು. ಕೊಲ್ಹಾರ ತಾಲ್ಲೂಕಿನ 2011ರ ಜನಸಂಖ್ಯೆ ಎಂದು ಯಾವ ಗಣತಿ ಪುಸ್ತಕದಲ್ಲೂ ಸಾಲು ಸಿಗುವುದಿಲ್ಲ. ಅಧಿಸೂಚನೆಯಲ್ಲಿನ ಊರುಗಳ ಪಟ್ಟಿ ಹಿಡಿದು, ಹಳೆಯ ತಾಲ್ಲೂಕಿನ ಊರುವಾರು ಪಟ್ಟಿಯಿಂದ ಒಂದೊಂದೇ ಊರನ್ನು ಗ್ರಾಮ ಸಂಕೇತ ಸಂಖ್ಯೆಯ ಮೇಲೆ ಎತ್ತಿ ಕೂಡಿಸಬೇಕು. ಹೆಸರಿನ ಮೇಲೆ ಎತ್ತಿದರೆ ಕೆಡುತ್ತದೆ, ಒಂದೇ ಹೆಸರಿನ ಊರುಗಳು, ಬಿ.ಕೆ. (ಬುದ್ರುಕ್, ದೊಡ್ಡದು), ಕೆ.ಎಚ್. (ಖುರ್ದ್, ಚಿಕ್ಕದು) ಎಂಬ ಬಾಲದ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ವಿಸ್ತೀರ್ಣ ಹೆಕ್ಟೇರಿನಲ್ಲಿರುತ್ತದೆ, ನೂರರಿಂದ ಭಾಗಿಸಿದರೆ ಚದರ ಕಿ.ಮೀ. ಇದನ್ನು ಮರೆತು ಸಾಂದ್ರತೆ 2 ಎಂದು ಬರೆದ ಯೋಜನಾ ವರದಿಗಳನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ತಾತ್ಕಾಲಿಕ ಅಂಕಿ ಮತ್ತು ಅಂತಿಮ ಅಂಕಿಯನ್ನು ಬೆರೆಸಬೇಡಿ. ಬಿಹಾರಕ್ಕೆ ಕೆಲವರು 1,102, ಕೆಲವರು 1,106 ಬರೆಯುವುದು ಅದಕ್ಕೇ, ಮೊದಲನೆಯದು ತಾತ್ಕಾಲಿಕ.

ಇನ್ನು ಜನ ಅನುಭವಿಸುವ ಸಾಂದ್ರತೆಯ ಲೆಕ್ಕ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರು ಜಿಲ್ಲೆ ಕೂಡಿಸಿ ನೆಲದಿಂದ ಭಾಗಿಸಿದರೆ 88,46,744 ಭಾಗಿಸು 30,484, ಅಂದರೆ 290. ಬದಲಿಗೆ ಪ್ರತಿ ಜಿಲ್ಲೆಯ ಸಾಂದ್ರತೆಯನ್ನು ಅದರ ಜನಸಂಖ್ಯೆಯಿಂದ ಗುಣಿಸಿ, ಕೂಡಿಸಿ, ಒಟ್ಟು ಜನಸಂಖ್ಯೆಯಿಂದ ಭಾಗಿಸಿ. 305 ಬರುತ್ತದೆ. ಮೊದಲನೆಯದು ಸರಾಸರಿ ಚದರ ಕಿಲೋಮೀಟರಿನ ಲೆಕ್ಕ, ಎರಡನೆಯದು ಸರಾಸರಿ ಮನುಷ್ಯನ ಸುತ್ತಲಿನ ಲೆಕ್ಕ. ಜಿಲ್ಲೆಯ ಬದಲು ತಾಲ್ಲೂಕು, ತಾಲ್ಲೂಕಿನ ಬದಲು ಊರು ತೆಗೆದುಕೊಂಡಷ್ಟೂ ಎರಡರ ಅಂತರ ಹಿಗ್ಗುತ್ತದೆ. ಬಸ್ಸು, ಚರಂಡಿ, ಸಾಂಕ್ರಾಮಿಕ ರೋಗ ಇಂಥವಕ್ಕೆ ಎರಡನೆಯ ಲೆಕ್ಕವೇ ಉಪಯೋಗದ್ದು.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ ಎಂದು ಕೇಳಬಹುದು. ರಾಜ್ಯಗಳ ನಡುವೆ ಲೋಕಸಭಾ ಸ್ಥಾನಗಳ ಹಂಚಿಕೆ 1971ರ ಜನಸಂಖ್ಯೆಗೆ ಕಟ್ಟಿದ್ದು. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಹಂಚಿಕೆಯನ್ನು ಅಲ್ಲಿಗೇ ನಿಲ್ಲಿಸಿತು, 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಗಣತಿಯವರೆಗೆ ಮುಂದುವರಿಸಿತು. 2001–11ರ ದಶಕದಲ್ಲಿ ಬಿಹಾರ ನೂರಕ್ಕೆ 25ರಷ್ಟು ಬೆಳೆಯಿತು, ಕರ್ನಾಟಕ 15.6, ಕೇರಳ 4.9. ತೆರಿಗೆ ಹಂಚಿಕೆಯಲ್ಲಿ 15ನೇ ಹಣಕಾಸು ಆಯೋಗ 2011ರ ಜನಸಂಖ್ಯೆ ಹಿಡಿದಾಗ ಇತರ ಮಾನದಂಡಗಳೂ ಸೇರಿ ಕರ್ನಾಟಕದ ಪಾಲು ನೂರಕ್ಕೆ 4.713ರಿಂದ 3.647ಕ್ಕೆ ಇಳಿಯಿತು. ಜಗಳ ದೊಡ್ಡದು, ಅದಕ್ಕೆ ಬೇರೆ ದಿನ ಬೇಕು.

ಪಂಚಾಯಿತಿಯವರಿಗೆ ಹೇಳಬೇಕಾದದ್ದು ಮುಂದಿನ ಗಣತಿಯದು. ಅದರ ಉಲ್ಲೇಖದ ಕ್ಷಣ 2027ರ ಮಾರ್ಚ್ 1ರ ಸೊನ್ನೆ ಗಂಟೆ, ಎಣಿಕೆ ಮತ್ತೆ ಫೆಬ್ರವರಿಯಲ್ಲೇ, ಮತ್ತೆ ಕಬ್ಬಿನ ಹಂಗಾಮಿನಲ್ಲೇ. ಕಬ್ಬು ಬೆಳೆಯುವ ಪಂಚಾಯಿತಿಗಳು ಜನವರಿಯಲ್ಲೇ ಕಾರ್ಖಾನೆಯ ಕಬ್ಬು ವಿಭಾಗದಿಂದ ತಮ್ಮ ಗಡಿಯೊಳಗೆ ಎಷ್ಟು ಗ್ಯಾಂಗ್ ಇಳಿದಿವೆ, ಯಾರ ಹೊಲದಲ್ಲಿ ಗುಡಿಸಲು ಹಾಕಿವೆ ಎಂಬ ಪಟ್ಟಿ ಕೇಳಿ ಗಣತಿದಾರರ ಕೈಗೆ ಕೊಡಲಿ. ಒಂದು ಫಡ ಮುಗಿದೊಡನೆ ಗ್ಯಾಂಗ್ ಜಾಗ ಬದಲಿಸುತ್ತದೆ, ಆದ್ದರಿಂದ ಪಟ್ಟಿಯಲ್ಲಿ ಹೊಲದ ಹೆಸರಿಗಿಂತ ಮುಕಾದಮನ ಹೆಸರು, ಮೊಬೈಲ್ ಸಂಖ್ಯೆ ಮುಖ್ಯ. ಗುಳೆ ಹೋಗುವ ಊರುಗಳ ಪಂಚಾಯಿತಿಗಳು ತಾಂಡಾವಾರು ಯಾರು ಎಲ್ಲಿಗೆ ಹೋಗಿದ್ದಾರೆ ಎಂದು ಬರೆದಿಟ್ಟುಕೊಳ್ಳಲಿ, ಮನೆಯವರು ಹೊರಡುವಾಗಲೇ ಅಲ್ಲಿ ಎಣಿಸಲು ಬಂದವರಿಗೆ ಹೆಸರು ಕೊಡಿ ಎಂದು ಹೇಳಿ ಕಳಿಸಲಿ. ಹಬ್ಬಕ್ಕೋ ಸಾವಿಗೋ ಫೆಬ್ರವರಿಯಲ್ಲಿ ನಾಲ್ಕು ದಿನ ಊರಿಗೆ ಬಂದು ಹೋದವರನ್ನು ಮಾತ್ರ ಊರಿನಲ್ಲೇ ಎಣಿಸಬೇಕು, ಅವರು ಫಡಕ್ಕೆ ಮರಳಿದ ಮೇಲೆ ಅಲ್ಲಿ ಮತ್ತೊಮ್ಮೆ ಹೆಸರು ಬರೆಸಬಾರದು.